ಕಿವಿಯಿಲ್ಲದ ಶಿಷ್ಯನಿಗೆ ಬರೆದ ವ್ಯಾಕರಣ

ಕಳೆದ ರಾಜ್ಯೋತ್ಸವದ ಸಮಾರಂಭದಲ್ಲಿ ನಮ್ಮ ಸಂಘದ ವೇದಿಕೆಯಿಂದ ಭಾಷಣಕಾರರೊಬ್ಬರು, "ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ಅಮೆರಿಕದ ನಾಸಾ ಸಂಸ್ಥೆಯೇ ಒಪ್ಪಿಕೊಂಡಿದೆ. ಪಾಣಿನಿ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಕಂಪ್ಯೂಟರ್ ಪ್ರೋಗ್ರಾಮ್ ಬರೆದಿಟ್ಟಿದ್ದಾನೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆಮೇಲೆ ಊಟದ ಸಾಲಿನಲ್ಲಿ ನಿಂತಿದ್ದಾಗ, ಧಾರವಾಡದ ಕಡೆಯ ನಮ್ಮ ಸದಸ್ಯರೊಬ್ಬರ ಮಗಳು ಹತ್ತಿರ ಬಂದಳು. ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗಿ. "ಕಾಕಾ, ಇದನ್ನ ನಾ ಆಫೀಸಿನ್ಯಾಗ ಹೇಳಿದ್ರ ಎಲ್ಲಾರೂ ನಗತಾರ. ಪೂರಾ ಸುಳ್ಳು ಅಂತೂ ಅಲ್ಲ ಅಂತ ಅನಿಸ್ತದ. ಖರೇ ಎಷ್ಟು, ಸುಳ್ಳು ಎಷ್ಟು, ನೀವರೆ ಹೇಳ್ರಿ" ಎಂದು ಕೇಳಿದಳು.

ನಾನು ಕಾರ್ಡಿಗೆ ತೂತು ಹಾಕಿ ಪ್ರೋಗ್ರಾಮ್ ಬರೆಯುತ್ತಿದ್ದ ಕಾಲದವನು. ಈ ವಿಷಯದಲ್ಲೇ ಅನ್ನ ಹುಟ್ಟಿಸಿಕೊಂಡವನಾಗಿಯೂ ವಿಚಾರಿಸದೆ ಚಪ್ಪಾಳೆ ತಟ್ಟಿದೆನಲ್ಲ ಎಂದು ನಾಚಿಕೆಯಾಯಿತು. ಊಟದ ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಆ ಹುಡುಗಿಗೂ ಅವಳಂತೆ ಮನೆಯ ಹಿರಿಯರ ಮಾತನ್ನು ಹೊರಗೆ ಒಯ್ಯಲು ಅಂಜುವ ನಮ್ಮ ಎಲ್ಲ ಮಕ್ಕಳಿಗೂ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪದಚ್ಛೇದ, ಅನ್ವಯ, ತಾತ್ಪರ್ಯ

ಊರಿನಲ್ಲಿ ಗಮಕ ವಾಚನಕ್ಕೆ ಹೋಗಿ ಕುಳಿತವರಿಗೆ ಒಂದು ಕ್ರಮ ನೆನಪಿರುತ್ತದೆ. ವ್ಯಾಖ್ಯಾನಕಾರರು ಪದ್ಯವನ್ನು ಮೊದಲು ಬಿಡಿಸುತ್ತಾರೆ, ಅದು ಪದಚ್ಛೇದ. ಬಳಿಕ ಯಾವ ಪದ ಯಾವುದಕ್ಕೆ ಸೇರಬೇಕೆಂದು ಜೋಡಿಸುತ್ತಾರೆ, ಅದು ಅನ್ವಯ. ಕೊನೆಗೆ ತಾತ್ಪರ್ಯ. ಪ್ರೋಗ್ರಾಮನ್ನು ಓದುವ ಕಂಪ್ಯೂಟರ್ ಕೂಡ ಇದೇ ಮೂರು ಮೆಟ್ಟಿಲುಗಳನ್ನು ಹತ್ತುತ್ತದೆ. ನಾವು ಬರೆದುದನ್ನು ಯಂತ್ರದ ಸಂಕೇತಕ್ಕೆ ಅನುವಾದಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಅದರೊಳಗೆ ಅನ್ವಯ ಮಾಡುವ ಭಾಗವೇ ಪಾರ್ಸರ್.

ಅನ್ವಯವೆಂಬುದು ನಮಗೆ ಸುಲಭ, ಏಕೆಂದರೆ ನಮಗೆ ಕಿವಿಯಿದೆ, ಲೋಕಾನುಭವವಿದೆ. "ಹಳೆಯ ಪುಸ್ತಕದ ಅಂಗಡಿ" ಎಂಬ ಮಾತನ್ನೇ ನೋಡಿ. ಹಳೆಯದು ಪುಸ್ತಕವೋ, ಅಂಗಡಿಯೋ? ಫುಟ್‌ಪಾತಿನ ಮೇಲೆ ಪುಸ್ತಕ ಹರಡಿಕೊಂಡು ಕುಳಿತವನನ್ನು ಕಂಡವರು ಪುಸ್ತಕವೇ ಹಳೆಯದು ಎನ್ನುತ್ತಾರೆ. ಅಜ್ಜನ ಕಾಲದಿಂದ ನಡೆದುಬಂದ ಅಂಗಡಿಯನ್ನು ಕಂಡವರು ಅಂಗಡಿಯೇ ಹಳೆಯದು ಎನ್ನುತ್ತಾರೆ. ಯಂತ್ರ ಇಂಥದೇನನ್ನೂ ಕಂಡಿಲ್ಲ. ಅದಕ್ಕೆ ಕೊಟ್ಟ ನಿಯಮಗಳಲ್ಲಿ ಉತ್ತರವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮನುಷ್ಯನು ಬರೆದ ಬಹುಪಾಲು ವ್ಯಾಕರಣಗಳು ಭಾಷೆಯನ್ನು ಕಿವಿಯಿಂದ ಅಷ್ಟಿಷ್ಟು ಬಲ್ಲವರಿಗಾಗಿಯೇ ಬರೆದವು. ಹದಿಮೂರನೆಯ ಶತಮಾನದಲ್ಲಿ ನಮ್ಮ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದಾಗ ಹೆಜ್ಜೆಹೆಜ್ಜೆಗೂ ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸಿದ. ಉದಾಹರಣೆ ಕಂಡೊಡನೆ ಓದುಗನ ಕಿವಿ ಉಳಿದುದನ್ನು ತುಂಬಿಕೊಳ್ಳುತ್ತದೆ. ಏನೂ ತುಂಬಿಕೊಳ್ಳಲಾರದ ಶಿಷ್ಯನೊಬ್ಬ ಮನುಷ್ಯನಿಗೆ ಸಿಕ್ಕಿದ್ದು ೧೯೫೦ರ ದಶಕದಲ್ಲಿ. ಆ ಶಿಷ್ಯನಿಗಾಗಿ ವ್ಯಾಕರಣ ಬರೆಯಲು ಹೊರಟವರ ಕಥೆ ಮುಂದಿನದು.

ಕಂಸಗಳ ಕೋಟೆ

ಮೊದಮೊದಲು ಪ್ರೋಗ್ರಾಮುಗಳನ್ನು ಯಂತ್ರದ ಸಂಕೇತಗಳಲ್ಲಿಯೇ ಬರೆಯಬೇಕಿತ್ತು. ಲೆಕ್ಕವನ್ನು ಲೆಕ್ಕದ ರೂಪದಲ್ಲೇ ಬರೆದುಕೊಟ್ಟರೆ ಯಂತ್ರವೇ ಅನುವಾದಿಸಿಕೊಳ್ಳಲೆಂದು, ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಎಂಬಾತ ಒಂದು ಚಿಕ್ಕ ತಂಡ ಕಟ್ಟಿಕೊಂಡು ೧೯೫೪ರಲ್ಲಿ ಕೆಲಸಕ್ಕೆ ಕುಳಿತ. ೧೯೫೭ರ ಏಪ್ರಿಲ್ ಹೊತ್ತಿಗೆ ಫೋರ್ಟ್ರಾನ್ ಎಂಬ ಭಾಷೆ ಗ್ರಾಹಕರ ಕೈಸೇರಿತು. ನನ್ನಂಥವರು ಮುಂಬೈಯಲ್ಲಿ ಮೊದಲು ಕಲಿತದ್ದೂ ಅದನ್ನೇ.

ಆ ಫೋರ್ಟ್ರಾನಿಗೆ ಇಂದಿನ ಅರ್ಥದ ವ್ಯಾಕರಣ ಇರಲಿಲ್ಲ. ಏನು ಬರೆಯಬಹುದು, ಏನು ಬರೆಯಬಾರದು ಎಂಬುದನ್ನು ಕೈಪಿಡಿಯಲ್ಲಿ ಇಂಗ್ಲಿಷಿನ ಸಾಮಾನ್ಯ ವಾಕ್ಯಗಳಲ್ಲಿ ವಿವರಿಸಲಾಗಿತ್ತು. ಕಂಪೈಲರಿನ ಒಳಗೆ ಒಂದೊಂದು ತೊಡಕಿಗೂ ಒಂದೊಂದು ಜಾಣತನ. ಗುಣಾಕಾರವನ್ನು ಮೊದಲು, ಸಂಕಲನವನ್ನು ಆಮೇಲೆ ಮಾಡಬೇಕೆಂಬುದನ್ನು ಯಂತ್ರಕ್ಕೆ ಹೇಗೆ ತಿಳಿಸಿದರು ಗೊತ್ತೆ? ಕೂಡಿಸುವ ಚಿಹ್ನೆಯ ಎರಡೂ ಪಕ್ಕಕ್ಕೆ ಎರಡೆರಡು ಕಂಸ, ಗುಣಿಸುವ ಚಿಹ್ನೆಯ ಎರಡೂ ಪಕ್ಕಕ್ಕೆ ಒಂದೊಂದು ಕಂಸ, ಮೊದಲಿಗೂ ಕೊನೆಗೂ ಎರಡೆರಡು. "ಅ + ಬ × ಕ" ಎಂಬುದು "((ಅ)) + ((ಬ) × (ಕ))" ಎಂದಾಗುತ್ತದೆ. ನೋಡಿದರೆ ಸೋಜಿಗ! ಗುಣಾಕಾರ ತಾನಾಗಿಯೇ ಕೋಟೆಯೊಳಗೆ ಸೇರಿಕೊಂಡಿತು. ಇದು ಕೈಚಳಕವೇ ಹೊರತು ವ್ಯಾಕರಣವಲ್ಲ. ಭಾಷೆ ಬೆಳೆದಂತೆಲ್ಲ ಹೊಸ ಹೊಸ ಕೈಚಳಕ ಹುಡುಕುತ್ತಲೇ ಇರಬೇಕಾಗುತ್ತದೆ.

ಪದಚ್ಛೇದದ್ದಂತೂ ಇನ್ನೊಂದು ಕಥೆ. ಫೋರ್ಟ್ರಾನಿನಲ್ಲಿ ಪದಗಳ ನಡುವಿನ ತೆರಪಿಗೆ ಬೆಲೆಯೇ ಇರಲಿಲ್ಲ. ನಮ್ಮ ತಾಳೆಗರಿಗಳಲ್ಲಿ ಅಕ್ಷರಗಳನ್ನು ಬಿಡುವಿಲ್ಲದೆ ಕೊರೆದಂತೆ. "ಡೂ ೧೦ ಐ = ೧,೧೦" ಎಂದು ಬರೆದರೆ ಕೆಲಸವನ್ನು ಹತ್ತು ಸಲ ಪುನರಾವರ್ತಿಸು ಎಂದು ಅರ್ಥ. ಅಲ್ಪವಿರಾಮದ ಜಾಗದಲ್ಲಿ ಕೈತಪ್ಪಿ ಚುಕ್ಕೆ ಬಿದ್ದರೆ, "ಡೂ೧೦ಐ" ಎಂಬ ಹೆಸರಿನ ಪೆಟ್ಟಿಗೆಯಲ್ಲಿ ೧.೧೦ ಎಂಬ ಸಂಖ್ಯೆಯನ್ನು ಇಡು ಎಂದು ಅರ್ಥ! ಎರಡೂ ಶುದ್ಧ ಫೋರ್ಟ್ರಾನ್ ವಾಕ್ಯಗಳೇ. ಯಂತ್ರ ತಪ್ಪೆಂದು ಹೇಳುವುದಿಲ್ಲ, ಉತ್ತರ ಮಾತ್ರ ತಪ್ಪಾಗಿ ಬರುತ್ತದೆ.

ಜೂರಿಕ್‌ನಿಂದ ಪ್ಯಾರಿಸ್‌ಗೆ

ಒಂದು ಕಂಪನಿಯ ಯಂತ್ರಕ್ಕೆ ಕಟ್ಟುಬೀಳದೆ ಎಲ್ಲ ದೇಶಗಳಲ್ಲೂ ನಡೆಯಬಲ್ಲ ಭಾಷೆಯೊಂದು ಬೇಕೆಂದು ಯೂರೋಪಿನ ಮತ್ತು ಅಮೆರಿಕದ ಪಂಡಿತರು ೧೯೫೮ರ ಮೇ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಸೇರಿದರು. ಆ ಕಡೆಯಿಂದ ನಾಲ್ವರು, ಈ ಕಡೆಯಿಂದ ನಾಲ್ವರು. ಮುಂದೆ ಆಲ್ಗಾಲ್ ಎಂದು ಹೆಸರಾದ ಭಾಷೆಯ ಮೊದಲ ರೂಪ ಅಲ್ಲಿ ಸಿದ್ಧವಾಯಿತು. ದಶಾಂಶಕ್ಕೆ ಚುಕ್ಕೆಯಿಡಬೇಕೋ ಅಲ್ಪವಿರಾಮವಿಡಬೇಕೋ ಎಂಬುದೇ ಒಂದು ದೊಡ್ಡ ಜಗಳವಾಯಿತಂತೆ. ಎರಡು ಖಂಡಗಳ ರೂಢಿ ಎರಡು ಬಗೆ. ಕೊನೆಗೆ ಭಾಷೆಯೇ ಬೇರೆ, ಅದನ್ನು ಬರೆಯುವ ಚಿಹ್ನೆಗಳೇ ಬೇರೆ ಎಂದು ಒಪ್ಪಿಕೊಂಡು ರಾಜಿಯಾದರು. ಕೊಂಕಣಿಯೊಂದನ್ನೇ ಕನ್ನಡ, ನಾಗರಿ, ರೋಮನ್ ಲಿಪಿಗಳಲ್ಲಿ ಬರೆಯುವುದನ್ನು ಕಂಡ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಜೂರಿಕ್‌ನಲ್ಲಿದ್ದ ಎಂಟು ಜನರಲ್ಲಿ ಬ್ಯಾಕಸ್ ಒಬ್ಬ. ಅಲ್ಲಿಯೂ ನಿಯಮಗಳನ್ನು ಮಾತಿನಲ್ಲಿ ಹೇಳಿದ್ದರಿಂದ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುವ ಅಪಾಯವಿತ್ತು. ೧೯೫೯ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೋ ಏರ್ಪಡಿಸಿದ ಸಮ್ಮೇಳನಕ್ಕೆ ಬ್ಯಾಕಸ್ ಒಂದು ಪ್ರಬಂಧ ಒಯ್ದ. ಭಾಷೆಯ ಒಂದೊಂದು ಅಂಗಕ್ಕೂ ಒಂದು ಹೆಸರು. ಆ ಹೆಸರಿನ ಜಾಗದಲ್ಲಿ ಏನೇನು ಬರಬಹುದೆಂದು ಒಂದು ಸಾಲು. ಇಷ್ಟೇ ಅದರ ತಿರುಳು. ಇದರ ಹಿಂದೆ ಎಮಿಲ್ ಪೋಸ್ಟ್ ಎಂಬ ಗಣಿತಜ್ಞನ ಕೆಲಸವಿತ್ತು. ಅದೇ ವರ್ಷಗಳಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯೂ ಮನುಷ್ಯರ ಭಾಷೆಗಳಿಗಾಗಿ ಇಂಥದೇ ನಿಯಮಗಳನ್ನು ಪರೀಕ್ಷಿಸುತ್ತಿದ್ದ.

ಆ ಪ್ರಬಂಧದ ಬೆಲೆಯನ್ನು ಅರಿತವನು ಡೆನ್ಮಾರ್ಕಿನ ಪೀಟರ್ ನೌರ್. ಖಗೋಳಶಾಸ್ತ್ರ ಓದಿ ಕಂಪ್ಯೂಟರಿನ ಕಡೆ ಬಂದವನು. ಬ್ಯಾಕಸ್‌ನ ಸೂತ್ರಗಳನ್ನೂ ಜೂರಿಕ್‌ನ ವರದಿಯನ್ನೂ ಒತ್ತಟ್ಟಿಗಿಟ್ಟು ನೋಡಿದಾಗ ಎರಡಕ್ಕೂ ಅಲ್ಲಲ್ಲಿ ತಾಳೆಯಾಗದಿರುವುದು ಅವನಿಗೆ ಕಂಡಿತು. ಬರೆದವರಿಗೇ ತಮ್ಮ ಭಾಷೆ ಪೂರ್ತಿ ಸ್ಪಷ್ಟವಿಲ್ಲವೆಂದ ಮೇಲೆ ಉಳಿದವರ ಗತಿಯೇನು? ನೌರ್ ಚಿಹ್ನೆಗಳನ್ನು ಸರಳಗೊಳಿಸಿ, ಓದಿದರೆ ಅರ್ಥವಾಗುವ ಪೂರ್ಣ ಹೆಸರುಗಳನ್ನಿಟ್ಟು, ಇಡೀ ವರದಿಯ ಕರಡನ್ನು ಸಿದ್ಧಮಾಡಿಕೊಂಡು ೧೯೬೦ರ ಜನವರಿಯ ಪ್ಯಾರಿಸ್ ಸಭೆಗೆ ಹೋದ. ಹದಿಮೂರು ಜನ ಆರು ದಿನ ಕುಳಿತು ಚರ್ಚಿಸಿದರು. ಸಭೆಗೆ ಮೊದಲೇ ಮೋಟಾರು ಅಪಘಾತದಲ್ಲಿ ತೀರಿಕೊಂಡ ವಿಲಿಯಂ ಟುರಾನ್ಸ್ಕಿ ಎಂಬ ಸಂಗಾತಿಯ ನೆನಪಿಗೆ ವರದಿಯನ್ನು ಅರ್ಪಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಪ್ರಕಟವಾದ ಆ 'ಆಲ್ಗಾಲ್ ೬೦' ವರದಿ ಕೇವಲ ಹದಿನಾರು ಪುಟಗಳದು. ಪ್ರೋಗ್ರಾಮಿನ ಭಾಷೆಯೊಂದಕ್ಕೆ ಬಿಗಿಯಾದ ವ್ಯಾಕರಣ ದೊರೆತು ಅದು ಎಲ್ಲರಿಗೂ ಮಾದರಿಯಾದದ್ದು ಆಗ.

ನಾಲ್ಕು ಸಾಲಿನ ವ್ಯಾಕರಣ

ಇಷ್ಟು ಹೇಳಿ ಒಂದು ಮಾದರಿ ತೋರಿಸದಿದ್ದರೆ ಅಡಿಗೆಯ ಹೆಸರು ಹೇಳಿ ಎಲೆ ಎತ್ತಿದಂತಾದೀತು. ಕೂಡಿಸು, ಕಳೆ, ಗುಣಿಸು, ಕಂಸ ಇಷ್ಟೇ ಇರುವ ಪುಟ್ಟ ಭಾಷೆಗೆ ವ್ಯಾಕರಣ ಹೀಗಿರುತ್ತದೆ. ನಡುವಣ ಚಿಹ್ನೆಯನ್ನು "ಎಂದರೆ" ಎಂದೂ, ಅಡ್ಡ ನಿಂತ ಗೆರೆಯನ್ನು "ಅಥವಾ" ಎಂದೂ ಓದಿಕೊಳ್ಳಿ.

‹ಮೊತ್ತ› ::= ‹ಗುಣಿತ› | ‹ಮೊತ್ತ› + ‹ಗುಣಿತ› | ‹ಮೊತ್ತ› – ‹ಗುಣಿತ›
‹ಗುಣಿತ› ::= ‹ಅಂಶ› | ‹ಗುಣಿತ› × ‹ಅಂಶ›
‹ಅಂಶ› ::= ‹ಸಂಖ್ಯೆ› | ( ‹ಮೊತ್ತ› )
‹ಸಂಖ್ಯೆ› ::= ‹ಅಂಕಿ› | ‹ಸಂಖ್ಯೆ› ‹ಅಂಕಿ›

ಅಂಕಿಯೆಂದರೆ ಸೊನ್ನೆಯಿಂದ ಒಂಬತ್ತರವರೆಗೆ. ಇಷ್ಟರಲ್ಲೇ ಎಣೆಯಿಲ್ಲದಷ್ಟು ಲೆಕ್ಕಗಳು ಅಡಗಿವೆ, ಏಕೆಂದರೆ ಮೊತ್ತದ ವಿವರಣೆಯೊಳಗೆ ಮೊತ್ತವೇ ಮತ್ತೆ ಬಂದಿದೆ. ೨ + ೩ × ೪ ಎಂಬುದನ್ನು ಈ ನಿಯಮಗಳಿಗೆ ಒಡ್ಡಿ ನೋಡಿ. ೩ × ೪ ಒಂದು ಗುಣಿತವಾಗಿ ಕೂಡಿಕೊಳ್ಳದೆ ಮೊತ್ತ ಸಿದ್ಧವಾಗುವುದೇ ಇಲ್ಲ. ಆದ್ದರಿಂದ ಉತ್ತರ ೧೪, ೨೦ ಅಲ್ಲ. "ಗುಣಾಕಾರ ಮೊದಲು" ಎಂಬ ಮಾತು ಇಲ್ಲಿ ಎಲ್ಲಿಯೂ ಇಲ್ಲ, ಆದರೂ ನಿಯಮಗಳ ಏರ್ಪಾಟಿನಲ್ಲೇ ಅದು ಹುದುಗಿದೆ. ಫೋರ್ಟ್ರಾನಿನ ಕಂಸದ ಕೋಟೆ ಇಲ್ಲಿ ಬೇಕಿಲ್ಲ.

ಹಾಗೆಯೇ ೯೦ – ೪೦ – ೨೦. ತೊಂಬತ್ತು ರೂಪಾಯಿ ಹಿಡಿದು ಪೇಟೆಗೆ ಹೋಗಿ ನಲವತ್ತರ ತರಕಾರಿ, ಇಪ್ಪತ್ತರ ಹೂವು ತಂದರೆ ಉಳಿಯುವುದು ಮೂವತ್ತು. ಮೊದಲ ನಿಯಮದಲ್ಲಿ ‹ಮೊತ್ತ› ಎಡಗಡೆ ಇರುವುದರಿಂದ ಮೂವತ್ತೇ ಬರುತ್ತದೆ. ಅದನ್ನು ಮರೆತು ಬಲಗಡೆ ಬರೆದರೆ ಯಂತ್ರ ನಲವತ್ತರಿಂದ ಇಪ್ಪತ್ತನ್ನು ಮೊದಲು ಕಳೆದು, ಎಪ್ಪತ್ತು ಉಳಿಯಿತೆಂದು ವರದಿ ಒಪ್ಪಿಸುತ್ತದೆ. ಒಂದು ಹೆಸರು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದರ ಮೇಲೆ ನಲವತ್ತು ರೂಪಾಯಿಯ ವ್ಯತ್ಯಾಸ!

"ಇಲ್ಲದಿದ್ದರೆ" ಯಾರಿಗೆ ಸೇರಿತು?

ಇಷ್ಟು ಜನ ಇಷ್ಟು ಎಚ್ಚರದಿಂದ ಬರೆದರೂ ೧೯೬೦ರ ವ್ಯಾಕರಣದಲ್ಲಿ ಒಂದು ಬಿರುಕು ಉಳಿದುಹೋಯಿತು. ಅದನ್ನು ಕನ್ನಡದಲ್ಲೇ ಹೇಳಬಹುದು. ತಂದೆ ಮಗನಿಗೆ ಹೀಗೆ ಚೀಟಿ ಬರೆದಿಟ್ಟು ಹೋದನೆನ್ನಿ: "ರಜೆ ಇದ್ದರೆ, ಮಳೆ ಬಂದರೆ ಮನೆಯಲ್ಲಿರು, ಇಲ್ಲದಿದ್ದರೆ ಪೇಟೆಗೆ ಹೋಗು." ರಜೆ ಇಲ್ಲದ ದಿನ ಮಗ ಏನು ಮಾಡಬೇಕು? "ಇಲ್ಲದಿದ್ದರೆ" ಎಂಬುದು ಮಳೆಗೆ ಸೇರಿದ್ದಾದರೆ, ರಜೆಯಿಲ್ಲದ ದಿನಕ್ಕೆ ಚೀಟಿಯಲ್ಲಿ ಯಾವ ಅಪ್ಪಣೆಯೂ ಇಲ್ಲ. ರಜೆಗೆ ಸೇರಿದ್ದಾದರೆ ಮಗ ಪೇಟೆಗೆ ಹೋಗಬೇಕು. ಮನುಷ್ಯನಾದ ಮಗ ಫೋನು ಮಾಡಿ ಕೇಳಿಯಾನು, ಯಂತ್ರ ಕೇಳುವುದಿಲ್ಲ.

ಈ ತೊಡಕಿಗೆ "ಜೋತುಬಿದ್ದ ಇಲ್ಲದಿದ್ದರೆ" ಎಂಬರ್ಥದ ಹೆಸರು ಬಿತ್ತು. ಆಲ್ಗಾಲ್ ವರದಿಯನ್ನು ಪರಿಷ್ಕರಿಸಿದರು. ಅದಾದ ಮೇಲೂ ೧೯೬೩ರಲ್ಲಿ, ೧೯೬೬ರಲ್ಲಿ ಈ ಒಂದು ಪದದ ಮೇಲೆಯೇ ವಿದ್ವತ್ ಪತ್ರಿಕೆಯಲ್ಲಿ ಲೇಖನಗಳು ಬಂದವು. ಮುಂದೆ ಪ್ಯಾಸ್ಕಲ್, ಸಿ ಮೊದಲಾದ ಭಾಷೆಗಳವರು, ಅದು ತೀರಾ ಹತ್ತಿರದ "ಇದ್ದರೆ"ಗೇ ಸೇರಲಿ ಎಂದು ಹೊರಗಿನಿಂದ ಕಟ್ಟಳೆ ಮಾಡಿದರು. ೧೯೬೮ರ ಆಲ್ಗಾಲಿನಲ್ಲಿ ಪ್ರತಿಯೊಂದು "ಇದ್ದರೆ"ಗೂ ಮುಕ್ತಾಯದ ಪದವನ್ನೇ ಕಡ್ಡಾಯ ಮಾಡಿದರು. ಬಾಗಿಲು ತೆರೆದವನೇ ಮುಚ್ಚಬೇಕೆಂಬ ಹಾಗೆ.

ಯಾವುದೇ ವ್ಯಾಕರಣವನ್ನು ಕೊಟ್ಟರೆ ಅದರಲ್ಲಿ ಇಂಥ ಎರಡರ್ಥದ ಬಿರುಕು ಇದೆಯೇ ಇಲ್ಲವೇ ಎಂದು ತಪ್ಪದೆ ಹೇಳಬಲ್ಲ ಯಾಂತ್ರಿಕ ವಿಧಾನ ಇಲ್ಲ, ಇರಲೂ ಸಾಧ್ಯವಿಲ್ಲ ಎಂಬುದು ೧೯೬೨ರಲ್ಲೇ ಸಿದ್ಧವಾಯಿತು. ಸಾಧನಗಳು ಅನುಮಾನದ ಜಾಗಗಳನ್ನು ತೋರಿಸಬಲ್ಲವು. ಆದರೆ ಹೊಣೆ ವ್ಯಾಕರಣ ಬರೆದವನ ಮೇಲೆಯೇ ಉಳಿಯುತ್ತದೆ.

ವ್ಯಾಕರಣದಿಂದ ಪಾರ್ಸರ್‌ಗೆ

ವ್ಯಾಕರಣ ಬರೆದರಾಯಿತೆ? ಅದರಂತೆ ಅನ್ವಯ ಮಾಡುವ ಪಾರ್ಸರ್ ಬೇಕಲ್ಲ. ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರ, ಸಂಗಾತಿ ಯಾಪ್ ಝೊನೆವೆಲ್ಡ್ ಜೊತೆಗೂಡಿ ೧೯೬೦ರ ಆಗಸ್ಟಿನಲ್ಲೇ ಆಲ್ಗಾಲ್ ೬೦ಕ್ಕೆ ಕಂಪೈಲರ್ ನಡೆಸಿ ತೋರಿಸಿದ. ಅವನು ಬಳಸಿದ ಒಂದು ಉಪಾಯಕ್ಕೆ ರೈಲ್ವೆ ಯಾರ್ಡಿನ ಹೆಸರೇ ಇದೆ. ೨ + ೩ × ೪ ಎಂಬುದು ಡಬ್ಬಿಗಳ ಸಾಲೆನ್ನಿ. ಸಂಖ್ಯೆಗಳು ಮುಖ್ಯ ಹಳಿಯ ಮೇಲೆ ನೇರ ಸಾಗುತ್ತವೆ. ಚಿಹ್ನೆಗಳನ್ನು ಪಕ್ಕದ ಹಳಿಗೆ ತಳ್ಳುತ್ತಾರೆ. ಕೂಡಿಸುವ ಚಿಹ್ನೆ ಅಲ್ಲಿ ಕಾದಿರುವಾಗಲೇ ಅದಕ್ಕಿಂತ ಬಲವಾದ ಗುಣಿಸುವ ಚಿಹ್ನೆ ಬಂದು ಅದರ ಮುಂದೆ ನಿಲ್ಲುತ್ತದೆ. ಸಾಲು ಮುಗಿದ ಮೇಲೆ ಕೊನೆಗೆ ಹೊಕ್ಕದ್ದು ಮೊದಲು ಹೊರಬರುತ್ತದೆ: ೨ ೩ ೪ × +. ಯಂತ್ರ ಇದನ್ನು ಎಡದಿಂದ ಬಲಕ್ಕೆ ಓದಿ, ಕಂಸದ ಹಂಗಿಲ್ಲದೆ ಲೆಕ್ಕ ಮುಗಿಸುತ್ತದೆ.

ಇನ್ನೊಂದು ದಾರಿ ಮತ್ತೂ ಸರಳ: ವ್ಯಾಕರಣದ ಒಂದೊಂದು ಸಾಲಿಗೂ ಒಂದೊಂದು ಪುಟ್ಟ ಪ್ರೋಗ್ರಾಮ್. ಮೊತ್ತವನ್ನು ಗುರುತಿಸುವುದು ಒಂದು, ಗುಣಿತವನ್ನು ಗುರುತಿಸುವುದು ಒಂದು. ಒಂದು ಇನ್ನೊಂದನ್ನು ಕರೆಯುತ್ತದೆ. ಕಾಲೇಜುಗಳಲ್ಲಿ ಮಕ್ಕಳು ಮೊದಲು ಬರೆಯುವ ಪಾರ್ಸರ್ ಸಾಮಾನ್ಯವಾಗಿ ಇದೇ. ಇದರಲ್ಲಿ ಒಂದು ಹೊಂಡವಿದೆ. ನಮ್ಮ ಮೊದಲ ಸಾಲನ್ನು ಇದ್ದ ಹಾಗೆಯೇ ಹಿಡಿದರೆ, ಮೊತ್ತವನ್ನು ಗುರುತಿಸಲು ಮೊದಲು ಮೊತ್ತವನ್ನು ಹುಡುಕಬೇಕು. ಅದಕ್ಕೆ ಮತ್ತೆ ಮೊತ್ತವನ್ನು ಹುಡುಕಬೇಕು. ರೇಷನ್ ಕಾರ್ಡಿಗೆ ವಿಳಾಸದ ಪುರಾವೆ ಬೇಕು, ವಿಳಾಸದ ಪುರಾವೆಗೆ ರೇಷನ್ ಕಾರ್ಡು ಬೇಕು ಎಂದು ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ಹಿರಿಯರಿಗೆ ಈ ಸುತ್ತು ಚೆನ್ನಾಗಿ ಗೊತ್ತು. ಪಾರಾಗುವ ದಾರಿಯೆಂದರೆ ಸಾಲನ್ನು ತಿರುಗಿಸಿ ಹೇಳುವುದು: ಮೊದಲು ಒಂದು ಗುಣಿತ, ಆಮೇಲೆ "ಕೂಡು ಗುಣಿತ" ಅಥವಾ "ಕಳೆ ಗುಣಿತ" ಎಂಬುದು ಎಷ್ಟು ಸಲ ಬೇಕಾದರೂ. ಭಾಷೆ ಅದೇ, ವ್ಯಾಕರಣ ಬೇರೆ. ಎಡದಿಂದ ಕೂಡಿಸಿಕೊಂಡು ಹೋಗುವ ಎಚ್ಚರವನ್ನು ಮಾತ್ರ ಬರೆಯುವವನೇ ಇಟ್ಟುಕೊಳ್ಳಬೇಕು.

೧೯೬೫ರಲ್ಲಿ ಡೊನಾಲ್ಡ್ ಕ್ನೂತ್, ಎಡದಿಂದ ಬಲಕ್ಕೆ ಓದುತ್ತ, ಎಷ್ಟು ಮುಂದೆ ಇಣುಕಿದರೆ ತಪ್ಪಿಲ್ಲದೆ ಅನ್ವಯ ಮಾಡಬಹುದೆಂಬುದಕ್ಕೆ ಭದ್ರವಾದ ಶಾಸ್ತ್ರವನ್ನೇ ಕಟ್ಟಿದ. ಅದರ ಆಧಾರದ ಮೇಲೆ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ೧೯೭೦ರ ದಶಕದಲ್ಲಿ 'ಯಾಕ್' ಎಂಬ ಸಾಧನ ಮಾಡಿದ. ವ್ಯಾಕರಣ ಕೊಟ್ಟರೆ ಸಾಕು, ಪಾರ್ಸರನ್ನು ಅದೇ ಬರೆದುಕೊಡುತ್ತದೆ. ಎರಡು ನಿಯಮಗಳು ಒಂದೇ ಕಡೆ ಹೊಡೆದಾಡಿದರೆ ಯಾಕ್ ಎಚ್ಚರಿಕೆ ಕೊಟ್ಟು, ತಾನೇ ಒಂದು ಕಟ್ಟಳೆಯಂತೆ ತೀರ್ಪು ಕೊಡುತ್ತದೆ. ಕೆಲವು ಕಡೆ ಮೊದಲು ಬರೆದ ನಿಯಮಕ್ಕೇ ಗೆಲುವು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಪಾಣಿನಿಯ ಬಳಿ ಮತ್ತೆ ಬೇಕಾಗುತ್ತದೆ. ಇದೆಲ್ಲ ಹಳೆಯ ಕಥೆಯೆಂದೂ ತಿಳಿಯಬೇಡಿ. ನಮ್ಮ ಮಕ್ಕಳು ಬಳಸುವ ಪೈಥಾನ್ ಭಾಷೆ ತನ್ನ ಪಾರ್ಸರನ್ನು ಹೊಸ ಬಗೆಯ ವ್ಯಾಕರಣಕ್ಕೆ ಬದಲಾಯಿಸಿಕೊಂಡದ್ದು ೨೦೨೦ರಲ್ಲಿ.

ಪಾಣಿನಿಯ ಪಾಲು ಎಷ್ಟು?

ಬ್ಯಾಕಸ್‌ನ ಸೂತ್ರಶೈಲಿಯಲ್ಲಿ ನೌರ್‌ನ ಪಾಲೂ ಇರುವುದರಿಂದ ಇಬ್ಬರ ಹೆಸರೂ ಸೇರಲಿ ಎಂದು ಕ್ನೂತ್ ೧೯೬೪ರಲ್ಲಿ ಸೂಚಿಸಿದ. ೧೯೬೭ರ ಮಾರ್ಚಿಯಲ್ಲಿ ಪೀಟರ್ ಇಂಗರ್‌ಮನ್ ಎಂಬಾತ ಅದೇ ಪತ್ರಿಕೆಗೆ ಪತ್ರ ಬರೆದು, ಇಂಥ ಶೈಲಿ ಪಾಣಿನಿಯಲ್ಲಿ ಆಗಲೇ ಇರುವುದರಿಂದ ಇದನ್ನು "ಪಾಣಿನಿ-ಬ್ಯಾಕಸ್ ರೂಪ"ವೆಂದು ಕರೆಯಬೇಕೆಂದ. ಹೆಸರು ರೂಢಿಗೆ ಬರಲಿಲ್ಲ. ಆದರೆ ನಮ್ಮ ವೇದಿಕೆಗಳ ಮೇಲೆ ಕೇಳುವ ಮಾತುಗಳಲ್ಲಿ ದಾಖಲೆಯುಳ್ಳ ಮಾತು ಇದು.

ಅದರಲ್ಲಿ ನಿಜವೆಷ್ಟು? ಶಾಲೆಯಲ್ಲಿ ಕಲಿತ ಆದೇಶಸಂಧಿಯನ್ನು ನೆನೆಯಿರಿ. ಮಳೆ, ಕಾಲ ಸೇರಿ ಮಳೆಗಾಲ. ಕಕಾರದ ಜಾಗಕ್ಕೆ ಗಕಾರ. "ಇದರ ಜಾಗದಲ್ಲಿ ಅದು" ಎಂಬ ಈ ಆದೇಶದ ಕಲ್ಪನೆಯೇ ಬ್ಯಾಕಸ್‌ನ ಒಂದೊಂದು ಸಾಲಿನಲ್ಲಿಯೂ ಇದೆ. ಪಾಣಿನಿ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಇದನ್ನು ನಡೆಸಿದ. ಹದಿನಾಲ್ಕು ಶಿವಸೂತ್ರಗಳಲ್ಲಿ ಅಕ್ಷರಗಳನ್ನು ಜೋಡಿಸಿ, ಸ್ವರಗಳಿಗೆಲ್ಲ ಅಚ್, ವ್ಯಂಜನಗಳಿಗೆಲ್ಲ ಹಲ್ ಎಂದು ಚಿಕ್ಕ ಹೆಸರುಗಳನ್ನು ಪಡೆದ. ನಾವು ಮೇಲೆ ‹ಗುಣಿತ›, ‹ಅಂಶ› ಎಂದು ಹೆಸರಿಟ್ಟ ಹಾಗೆ. ಯಾವುದರ ಜಾಗದಲ್ಲಿ, ಏನು, ಯಾವುದರ ಮುಂದೆ, ಯಾವುದರ ಹಿಂದೆ ಎಂಬುದನ್ನು ವಿಭಕ್ತಿಗಳಿಂದಲೇ ಸೂಚಿಸಿದ. ಆದೇಶಕ್ಕೊಳಗಾಗುವುದಕ್ಕೆ ಷಷ್ಠೀವಿಭಕ್ತಿ, ಆದೇಶವಾಗಿ ಬರುವುದಕ್ಕೆ ಪ್ರಥಮಾ, ಅದರ ಮುಂದೆ ಇರಬೇಕಾದುದಕ್ಕೆ ಸಪ್ತಮೀ, ಹಿಂದೆ ಇರಬೇಕಾದುದಕ್ಕೆ ಪಂಚಮೀ. ವಿಭಕ್ತಿಯನ್ನೇ ಚಿಹ್ನೆಯಾಗಿ ಬಳಸಿದ ಈ ಬುದ್ಧಿಗೆ ತಲೆಬಾಗಲೇಬೇಕು.

ಆದರೆ ವ್ಯತ್ಯಾಸವೂ ಸಣ್ಣದಲ್ಲ. ಮಳೆಗಾಲದಲ್ಲಿ ಕಕಾರ ಗಕಾರವಾಗುವುದು ಸಮಾಸದಲ್ಲಿ ಉತ್ತರಪದದ ಮೊದಲಿಗೆ ಬಂದಾಗ; ಕಂಡಕಂಡಲ್ಲಿ ಅಲ್ಲ. ಅಂದರೆ ನಿಯಮ ಅಕ್ಕಪಕ್ಕವನ್ನು ನೋಡುತ್ತದೆ. ಪಾಣಿನಿಯ ಸೂತ್ರಗಳಲ್ಲಿ ಇಂಥವು ಹೇರಳ. ಬ್ಯಾಕಸ್‌ನ ನಿಯಮ ಅಕ್ಕಪಕ್ಕ ನೋಡುವುದೇ ಇಲ್ಲ. ಆ ಬಡತನದಿಂದಲೇ ಅದಕ್ಕೆ ಯಂತ್ರಕ್ಕೊಗ್ಗುವ ಸರಳತೆ ಬಂತು. ಬ್ಯಾಕಸ್‌ನ ಸಾಲುಗಳನ್ನು ಯಾವ ಅನುಕ್ರಮದಲ್ಲಿ ಬರೆದರೂ ಒಂದೇ. ಪಾಣಿನಿಯಲ್ಲಿ ಅನುಕ್ರಮವೇ ಪ್ರಾಣ. ಪಾಣಿನಿಯದು ಧಾತು ಪ್ರತ್ಯಯಗಳಿಂದ ಪದವನ್ನು ಕಟ್ಟುವ ಶಾಸ್ತ್ರ. ಪಾರ್ಸರಿನದು ಕಟ್ಟಿದ್ದನ್ನು ಬಿಡಿಸುವ ಕೆಲಸ. ಮತ್ತು ಬ್ಯಾಕಸ್ ತನ್ನ ಶೈಲಿಯನ್ನು ಪಾಣಿನಿಯಿಂದ ಪಡೆದದ್ದಲ್ಲ.

ಎರಡು ಸೂತ್ರಗಳು ಹೊಡೆದಾಡಿದಾಗ ಯಾವುದು ಗೆಲ್ಲಬೇಕೆಂಬ ಪ್ರಶ್ನೆ ಯಾಕ್‌ಗೆ ಬಂದಂತೆ ಪಾಣಿನಿಗೂ ಬಂದಿತ್ತು. ಅವನು ಅದಕ್ಕೂ ಸೂತ್ರ ಮಾಡಿದ: 'ಪರ'ವಾದುದಕ್ಕೆ ಗೆಲುವು. ಪರವೆಂದರೆ ಗ್ರಂಥದಲ್ಲಿ ನಂತರ ಬರುವ ಸೂತ್ರವೆಂದು ಪರಂಪರೆಯ ವ್ಯಾಖ್ಯಾನ. ೨೦೨೨ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಋಷಿ ರಾಜಪೋಪಟ್ ಎಂಬ ತರುಣ ವಿದ್ವಾಂಸರು, ಪರವೆಂದರೆ ಪದದ ಬಲಭಾಗಕ್ಕೆ ಅನ್ವಯಿಸುವ ಸೂತ್ರವೆಂದು ವಾದಿಸಿದರು. ಪಂಡಿತರಲ್ಲಿ ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಎರಡೂವರೆ ಸಾವಿರ ವರ್ಷಗಳಾದರೂ ಒಂದು ಪದದ ಅರ್ಥಕ್ಕೆ ಚರ್ಚೆ ನಡೆಯುವಷ್ಟು ಆ ಗ್ರಂಥ ಜೀವಂತವಾಗಿದೆ.

ಇನ್ನು ನಾಸಾದ ಮಾತು. ೧೯೮೫ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕ, ನಾಸಾದ ಒಂದು ಕೇಂದ್ರದಲ್ಲಿ ಕೆಲಸದಲ್ಲಿದ್ದಾಗ, ವಾಕ್ಯದ ಅರ್ಥವನ್ನು ಬಿಡಿಸುವ ನಮ್ಮ ವೈಯಾಕರಣರ ಪದ್ಧತಿಗೂ ಕಂಪ್ಯೂಟರಿನಲ್ಲಿ ಜ್ಞಾನವನ್ನು ಜೋಡಿಸಿಡುವ ಪದ್ಧತಿಗೂ ಇರುವ ಹೋಲಿಕೆಯನ್ನು ಕುರಿತು ಲೇಖನ ಬರೆದ. ಒಬ್ಬ ವಿದ್ವಾಂಸನ ಲೇಖನ ಅದು, ಸಂಸ್ಥೆಯ ತೀರ್ಮಾನವಲ್ಲ. ಸಂಸ್ಕೃತದಲ್ಲಿ ಪ್ರೋಗ್ರಾಮ್ ಬರೆಯಬೇಕೆಂದೂ ಅದರಲ್ಲಿ ಇಲ್ಲ.

ನಮ್ಮ ಮನೆಯಂಗಳದಲ್ಲಿ

ಸುಳ್ಳಿನ ಹೆಮ್ಮೆ ನಮಗೆ ಬೇಕಾಗಿಯೂ ಇಲ್ಲ, ಏಕೆಂದರೆ ನಿಜವಾದದ್ದೇ ಸಾಕಷ್ಟಿದೆ. ೧೬೦೪ರಲ್ಲಿ ಭಟ್ಟಾಕಳಂಕನು 'ಕರ್ಣಾಟಕ ಶಬ್ದಾನುಶಾಸನ'ವನ್ನು ೫೯೨ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ. ನಿಯಮ ಹೇಳುವ ಭಾಷೆ ಒಂದು, ಅದು ಆಳುವ ಭಾಷೆ ಇನ್ನೊಂದು. ಬ್ಯಾಕಸ್‌ನ ಚಿಹ್ನೆಗಳಿಗೂ ಆಲ್ಗಾಲಿಗೂ ಇರುವ ಸಂಬಂಧವೂ ಇದೇ ಬಗೆಯದು.

ಮುಂಬೈಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮ ದೇಶದ ಮೊದಲ ಗಣಕಗಳಲ್ಲೊಂದಾದ ಟಿಫ್ರಾಕನ್ನು ಕಟ್ಟಿದ ತಂಡದ ಮುಂದಾಳು ಆರ್. ನರಸಿಂಹನ್, ೧೯೬೦ರ ದಶಕದಲ್ಲಿ ಚಿತ್ರಗಳಿಗೂ ವ್ಯಾಕರಣವಿರಬಹುದೆಂದು ತೋರಿಸಿದವರಲ್ಲಿ ಮೊದಲಿಗರು. ಅಕ್ಷರಗಳಿಂದ ಪದ, ಪದಗಳಿಂದ ವಾಕ್ಯವಾಗುವಂತೆ ಗೆರೆಗಳಿಂದ ಆಕಾರ, ಆಕಾರಗಳಿಂದ ಚಿತ್ರ. ಚೆನ್ನೈಯಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ೧೯೭೪ರಲ್ಲಿ, ಮನೆಯ ಮುಂದೆ ಚುಕ್ಕೆಯಿಟ್ಟು ಬಿಡಿಸುವ ಕೋಲಂಗೆ ವ್ಯಾಕರಣ ಬರೆದು ಪ್ರಕಟಿಸಿದರು. ಚುಕ್ಕೆಗಳ ಸಾಲು ಬೆಳೆದಂತೆ ಅದೇ ಕೋಲಂ ದೊಡ್ಡದಾಗುವುದನ್ನು ನಾಲ್ಕಾರು ನಿಯಮಗಳು ಹೇಳಬಲ್ಲವು. ನಮ್ಮ ಅಜ್ಜಿಯರು ಲೆಕ್ಕ ತಪ್ಪದೆ ರಂಗೋಲಿಯ ಚುಕ್ಕೆಯಿಡುತ್ತಿದ್ದುದನ್ನು ಕಂಡವರಿಗೆ ಇದು ಹೊಸದೆನಿಸುವುದಿಲ್ಲ. ಆದರೆ ಅದನ್ನು ಕಿವಿಯೂ ಕಣ್ಣೂ ಇಲ್ಲದ ಶಿಷ್ಯನಿಗೆ ತಿಳಿಯುವಂತೆ ಬರೆದಿಡುವುದು ಹೊಸ ಕೆಲಸವೇ.

ಆ ಹುಡುಗಿಗೆ ನಾನು ಕೊಡುವ ಉತ್ತರ ಇಷ್ಟು. ನೋಡವ್ವಾ, ಪಾಣಿನಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯಲಿಲ್ಲ. ಕೇಳುವವನ ಊಹೆಗೆ ಆದಷ್ಟು ಕಡಿಮೆ ಬಿಟ್ಟು ಒಂದು ಭಾಷೆಯನ್ನು ನಿಯಮಗಳಲ್ಲಿ ಹಿಡಿಯಬಹುದೆಂದು ಅವನು ಮಾಡಿ ತೋರಿಸಿದ. ಅದೇ ಹಂಬಲ ಬೇರೊಂದು ಕಾಲದಲ್ಲಿ, ಬೇರೊಂದು ಕಾರಣಕ್ಕೆ, ಬ್ಯಾಕಸ್‌ನಿಗೂ ನೌರ್‌ಗೂ ಹುಟ್ಟಿತು. ಇಷ್ಟನ್ನು ನೀನು ಯಾವ ಆಫೀಸಿನಲ್ಲಿ ಹೇಳಿದರೂ ಯಾರೂ ನಗುವುದಿಲ್ಲ. ಇಂಗರ್‌ಮನ್‌ನ ಪತ್ರದ ವರ್ಷವನ್ನೂ ಜೊತೆಗೆ ಹೇಳು.

ಪರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದ ಕಿವಿ ಅರ್ಧವೇ ದೊರೆತಿರುತ್ತದೆ. "ಅದು ಹಾಗಲ್ಲ, ಹೀಗೆ" ಎಂದು ನಾವು ತಿದ್ದಿದರೆ, "ಯಾಕೆ?" ಎಂದು ಕೇಳುತ್ತವೆ. ಮಳೆಕಾಲ ಯಾಕಲ್ಲ, ಮಳೆಗಾಲ ಯಾಕೆ ಎಂದು ಊರಿನ ಮಕ್ಕಳು ಕೇಳುವುದಿಲ್ಲ, ಇಲ್ಲಿಯವು ಕೇಳುತ್ತವೆ. ಬರುವ ತಿಂಗಳಿಂದ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಆದೇಶಸಂಧಿಯನ್ನು ಆ ಹುಡುಗಿಯೇ ಪಾಠ ಮಾಡಲು ಒಪ್ಪಿದ್ದಾಳೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವವನಿದ್ದೇನೆ.